ಹವಳದ ಅಣಬೆ: ಗುರುತು ಹೇಗೆ, ಎಚ್ಚರ ಏನು?

ಮುಂಗಾರಿನ ನಾಲ್ಕು ಹದ ಮಳೆ ಬಿದ್ದು ನೆಲ ಚೆನ್ನಾಗಿ ನೆನೆದ ಮೇಲೆ ತೋಟದ ನೆರಳಿನಲ್ಲಿ, ಬೇಲಿ ಸಾಲಿನ ತರಗಿನ ಮೇಲೆ, ಕೊಳೆತ ದಿಮ್ಮಿಯ ಮಗ್ಗುಲಲ್ಲಿ ಅಣಬೆ ಏಳುವುದು ರೈತರಿಗೆ ಹೊಸ ನೋಟವೇನೂ ಅಲ್ಲ. ಕೊಡೆಯ ಆಕಾರ ಕಂಡರೆ ಅದು ಅಣಬೆಯೆಂದು ಚಿಕ್ಕ ಮಕ್ಕಳೂ ಹೇಳುತ್ತಾರೆ. ಆದರೆ ಕೊಡೆಯೂ ಇಲ್ಲದೆ, ಕೊಡೆಯಡಿಯ ಪದರಗಳೂ ಇಲ್ಲದೆ, ದಪ್ಪನೆಯ ಒಂದೇ ಬುಡದಿಂದ ಕವಲೊಡೆದು, ಕವಲಿಗೆ ಮರಿಕವಲು ಹುಟ್ಟಿ, ಗಿಡ್ಡ ಪೊದೆಯಂತೆ ಮೇಲ್ಮುಖವಾಗಿ ನಿಂತ ಹಳದಿ, ಕಿತ್ತಳೆ ಇಲ್ಲವೆ ನಸುಗೆಂಪು ಬಣ್ಣದ ವಸ್ತುವೊಂದು ಕಣ್ಣಿಗೆ ಬಿದ್ದರೆ ಅನೇಕರು ಅದನ್ನು ಅಣಬೆಯೆಂದೇ ತಿಳಿಯುವುದಿಲ್ಲ. ಇದೂ ಅಣಬೆಯೇ. ಸಮುದ್ರದ ಹವಳವನ್ನು ಹೋಲುವುದರಿಂದ ಇದಕ್ಕೆ ಹವಳದ ಅಣಬೆ ಎಂದು ಹೆಸರು. ಹೆಣ್ಣುಮಕ್ಕಳ ಕೊರಳ ಸರದಲ್ಲಿ ನಾವು ಕಾಣುವುದು ಕಡಿದು ಉರುಟು ಮಾಡಿದ ಹವಳದ ಮಣಿ. ನೀರಿನಡಿಯಲ್ಲಿ ಬೆಳೆಯುವಾಗ ಅದು ಕೊಂಬೆ ಕೊಂಬೆಯಾಗಿಯೇ ಇರುತ್ತದೆ.

ಗಂಡಸಿ ಹೋಬಳಿಯಂಥ ತೆಂಗು, ರಾಗಿಯ ಬಯಲು ನಾಡಿನಲ್ಲಿ ಹವಳದ ಅಣಬೆ ದಿನನಿತ್ಯ ಕಾಣುವ ವಸ್ತುವಲ್ಲ. ಆದರೆ ಇಲ್ಲಿಂದ ಪಶ್ಚಿಮಕ್ಕೆ ಹಳೇಬೀಡು ದಾಟಿ ಬೇಲೂರಿನ ಕಡೆಗೆ ಹೋದಂತೆ ಮಳೆ ಹೆಚ್ಚುತ್ತದೆ, ನೆರಳು ಹೆಚ್ಚುತ್ತದೆ, ತರಗೆಲೆಯ ಹಾಸು ದಪ್ಪವಾಗುತ್ತದೆ. ಬೇಲೂರಿನಾಚೆ ಸಕಲೇಶಪುರದವರೆಗೆ ಕಾಫಿ ತೋಟ ಮತ್ತು ಕಾಡು. ತೋಟದ ಕೆಲಸಕ್ಕೆಂದೋ ನೆಂಟರ ಮನೆಗೆಂದೋ ಆ ಕಡೆಗೆ ಹೋಗಿಬರುವವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ. ಅಲ್ಲಿಯವರು ಕಾಡಿನ ಅಣಬೆ ಆಯ್ದು ತಿನ್ನುವುದನ್ನು ಕಂಡು, ಹಿಂದಿರುಗಿದ ಮೇಲೆ ಇಲ್ಲಿಯೂ ಕಂಡದ್ದನ್ನು ಕೀಳುವ ಆಸೆ ಸಹಜ. ಅಪಾಯ ಇರುವುದು ಅಲ್ಲಿಯೇ. ನೋಟಕ್ಕೆ ಒಂದೇ ಎನಿಸುವ ಈ ಕೊಂಬೆ ಅಣಬೆಗಳು ಒಂದೇ ಜಾತಿಯವಲ್ಲ.

ಜಾತಿ, ಪ್ರಭೇದ ಎಂಬ ಮಾತುಗಳನ್ನು ಸಸ್ಯಶಾಸ್ತ್ರದಲ್ಲಿ ಹೇಗೆ ಬಳಸುತ್ತಾರೆಂಬುದನ್ನು ರಾಗಿಯಿಂದಲೇ ತಿಳಿಯಬಹುದು. ರಾಗಿಯ ಶಾಸ್ತ್ರೀಯ ಹೆಸರು ಎಲ್ಯೂಸಿನ್ ಕೊರಕಾನ. ಹೊಲದಲ್ಲಿ ರಾಗಿಯ ಪೈರಿನೊಡನೆ ಬೆರೆತು, ತೆನೆ ಬರುವವರೆಗೂ ಕಣ್ಣು ತಪ್ಪಿಸುವ ಒಂದು ಕಳೆಹುಲ್ಲು ಇದೆಯಷ್ಟೆ. ಅದು ಎಲ್ಯೂಸಿನ್ ಇಂಡಿಕಾ. ಎಲ್ಯೂಸಿನ್ ಎಂಬುದು ಜಾತಿ; ಕೊರಕಾನ, ಇಂಡಿಕಾ ಎಂಬುವು ಅದರ ಎರಡು ಪ್ರಭೇದ. ಎರಡೂ ನಿಜವಾಗಿ ದಾಯಾದಿಗಳಾದುದರಿಂದ ರೂಪದಲ್ಲಿ ಹೋಲಿಕೆಯಿದೆ. ಹವಳದ ಅಣಬೆಗಳ ಸಂಗತಿ ಹೀಗಲ್ಲ. ಇಲ್ಲಿ ಸಂಬಂಧವೇ ಇಲ್ಲದ ನಾಲ್ಕಾರು ವಂಶಗಳು ಒಂದೇ ಬಗೆಯ ಕೊಂಬೆಯ ರೂಪವನ್ನು ಬೇರೆ ಬೇರೆಯಾಗಿ ಪಡೆದಿವೆ. ಬಾವಲಿಗೂ ಹಕ್ಕಿಗೂ ರೆಕ್ಕೆ ಇದ್ದಂತೆ.

ಇದು ತಿಳಿಯಲು ವಿಜ್ಞಾನಿಗಳಿಗೂ ಬಹಳ ಕಾಲ ಹಿಡಿಯಿತು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಮೂಲಿಕೆಗಳಿಗೆಲ್ಲ ಎರಡು ಪದದ ಹೆಸರಿಟ್ಟಾಗ ಇಂತಹ ಅಣಬೆಗಳನ್ನು ಕ್ಲವೇರಿಯಾ ಎಂಬ ಒಂದೇ ಜಾತಿಗೆ ಸೇರಿಸಿದ್ದನು. ಲ್ಯಾಟಿನ್ ಭಾಷೆಯಲ್ಲಿ ಕ್ಲಾವಾ ಎಂದರೆ ಗದೆ. ಕವಲಿಲ್ಲದೆ ಗದೆಯಂತೆ ನಿಂತವೂ ಕೊಂಬೆಯೊಡೆದವೂ ಎಲ್ಲ ಅದರಲ್ಲೇ ಇದ್ದವು. ಆಮೇಲೆ 1851ರಲ್ಲಿ ಜರ್ಮನಿಯ ಬೊನೋರ್ಡೆನ್ ಎಂಬುವರು ದಟ್ಟವಾಗಿ ಕವಲೊಡೆಯುವ ಒಂದು ಗುಂಪನ್ನು ಬೇರ್ಪಡಿಸಿ ರಮೇರಿಯಾ ಎಂಬ ಜಾತಿಯನ್ನಾಗಿ ಮಾಡಿದರು. ರಾಮುಸ್ ಎಂದರೆ ಕೊಂಬೆ. ಈ ಲೇಖನದಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಈ ರಮೇರಿಯಾ ಜಾತಿಯ ವಿಚಾರವನ್ನೇ.

ಬೊನೋರ್ಡೆನ್ ಬೇರ್ಪಡಿಸಿದರೂ ಗೊಂದಲ ಪೂರ್ತಿ ಹರಿಯಲಿಲ್ಲ. ಅದನ್ನು ಬಿಡಿಸಿ ಕ್ರಮಪಡಿಸಿದವರು ಇ.ಜೆ.ಎಚ್. ಕಾರ್ನರ್ ಎಂಬ ಆಂಗ್ಲ ವಿಜ್ಞಾನಿ. ಸಿಂಗಪುರದ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿದ ಇವರು ಕ್ಲವೇರಿಯಾ ಮತ್ತು ಅದರ ನೆರೆಯ ಜಾತಿಗಳ ಮೇಲೆ 1950ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಇವರ ಇನ್ನೊಂದು ಸಂಗತಿ ತೆಂಗಿನ ನಾಡಿನವರು ಕೇಳಬೇಕಾದ್ದು. ಮಲಯಾ ಸೀಮೆಯಲ್ಲಿ ತೆಂಗಿನಕಾಯಿ ಕೀಳಲು ಬೆರೋಕ್ ಎಂಬ ಗಿಡ್ಡಬಾಲದ ಮಂಗಗಳನ್ನು ಪಳಗಿಸುವುದುಂಟು. ಕಾರ್ನರ್ ಅಂಥ ಮಂಗಗಳನ್ನು ಸಾಕಿ, ಮನುಷ್ಯ ಹತ್ತಲಾಗದ ಕಾಡುಮರಗಳಿಂದ ಹೂವು, ಕಾಯಿ, ರೆಂಬೆಗಳ ಮಾದರಿಯನ್ನು ಕೀಳಿಸಿ ತರಿಸುತ್ತಿದ್ದರು. ಮರ ಹತ್ತುವ ಆಳಿಗಾಗಿ ವಾರಗಟ್ಟಲೆ ಕಾಯುವ ಅರಸೀಕೆರೆಯ ತೋಟದವರಿಗೆ ಇದನ್ನು ಓದಿ ಹೊಟ್ಟೆಕಿಚ್ಚು ಬಂದರೆ ಆಶ್ಚರ್ಯವಿಲ್ಲ! ನಮ್ಮ ದೇಶದಲ್ಲಿ ಇದೇ ಕೆಲಸವನ್ನು ಕೈಗೊಂಡವರು ಪಂಜಾಬಿನ ಕೆ.ಎಸ್. ಥಿಂಡ್. ಮಸ್ಸೂರಿಯ ಬೆಟ್ಟಗಳಲ್ಲಿ ಸಂಗ್ರಹಿಸಿ ಅಭ್ಯಾಸ ಮಾಡಿದ ಅವರ ಗ್ರಂಥವನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1961ರಲ್ಲಿ ಹೊರತಂದಿತು. ನಮ್ಮ ರಾಜ್ಯದಲ್ಲಿ ಕೊಡಗು ಮತ್ತು ಕರಾವಳಿಯ ಅಣಬೆಗಳನ್ನು ಮಂಗಳೂರು ವಿಶ್ವವಿದ್ಯಾಲಯದವರು ಹುಡುಕಿ ದಾಖಲಿಸಿದ್ದಾರೆ.

ಈಗ ರಮೇರಿಯಾದ ಲಕ್ಷಣಗಳಿಗೆ ಬರೋಣ. ಪ್ರಪಂಚದಲ್ಲಿ ಇದರ ಸುಮಾರು 200 ಪ್ರಭೇದಗಳಿವೆ. ಗೋಂಫೇಸಿ ಎಂಬ ಕುಟುಂಬಕ್ಕೆ, ಗೋಂಫೇಲಿಸ್ ಎಂಬ ಗಣಕ್ಕೆ ಇದು ಸೇರಿದೆ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ತಿಳಿದ ಸೋಜಿಗವೆಂದರೆ, ಇದರ ಹತ್ತಿರದ ನೆಂಟರು ಉಳಿದ ಹವಳದ ಅಣಬೆಗಳಲ್ಲ. ಬಿದಿರು ಮೆಳೆಯ ಹತ್ತಿರ ಎದ್ದು ನೊಣ ಮುತ್ತಿಕೊಂಡು ದುರ್ನಾತ ಬೀರುವ ಬಲೆ ಅಣಬೆಯೂ, ನೆಲದಲ್ಲಿ ನಕ್ಷತ್ರದಂತೆ ಬಿರಿಯುವ ಅಣಬೆಯೂ ಇದಕ್ಕೆ ಹತ್ತಿರ. ರಮೇರಿಯಾ ಎಂದು ಕರೆಯುವ ಎಲ್ಲವೂ ಒಂದೇ ಮೂಲದವಲ್ಲವೆಂಬುದೂ ಅದೇ ಪರೀಕ್ಷೆಯಿಂದ ತಿಳಿದಿದೆಯಾಗಿ ಈ ಜಾತಿ ಮುಂದೆ ಇನ್ನೂ ಒಡೆಯಬಹುದು. ಅಣ್ಣತಮ್ಮಂದಿರ ಪಾಲುಪಟ್ಟಿ ಅಷ್ಟು ಬೇಗ ಮುಗಿಯುವುದಿಲ್ಲ.

ಬುಡ ಸಾಮಾನ್ಯವಾಗಿ ದಪ್ಪ, ಬಿಳುಪು. ಅದರಿಂದ ಕೊಂಬೆಗಳು ಎರಡೆರಡಾಗಿಯೋ ಹಲವಾಗಿಯೋ ಒಡೆದು ತುದಿಯಲ್ಲಿ ಸಣ್ಣ ಮೊನೆಗಳಾಗುತ್ತವೆ. ಇಡಿಯಾಗಿ ನೋಡಿದರೆ ಹೂಕೋಸನ್ನು ನೆನಪಿಗೆ ತರುವ ಪ್ರಭೇದಗಳೂ ಇವೆ. ರಮೇರಿಯಾ ಬೋಟ್ರೈಟಿಸ್ ಎಂಬುದು ಅಂಥದು: ಬಿಳಿಚು ಕೊಂಬೆ, ತುದಿ ಮಾತ್ರ ನಸುಗೆಂಪು. ಹೂಕೋಸಿನ ಶಾಸ್ತ್ರೀಯ ಹೆಸರಿನಲ್ಲಿಯೂ ಇದೇ ಬೋಟ್ರೈಟಿಸ್ ಪದವಿದೆ; ದ್ರಾಕ್ಷಿಯ ಗೊಂಚಲಿನಂತಿರುವುದು ಎಂದು ಅರ್ಥ. ಬೀಜಕಣಗಳು ಹುಟ್ಟುವುದು ಕೊಂಬೆಗಳ ಮೈಮೇಲೆ. ಕೊಡೆಯಣಬೆಯಲ್ಲಿ ಈ ಕೆಲಸ ಅಡಿಯ ಪದರಗಳದ್ದು. ನಾವು ಕಾಣುವ ಈ ಪೊದೆ ಮರದ ಹಣ್ಣಿದ್ದಂತೆ. ನಿಜವಾದ ಜೀವ ಮಣ್ಣಿನಲ್ಲಿ, ತರಗಿನಲ್ಲಿ ಹಬ್ಬಿದ ನೂಲಿನ ಜಾಲದಲ್ಲಿರುತ್ತದೆ. ಆ ಜಾಲ ಕೆಲವು ಪ್ರಭೇದಗಳಲ್ಲಿ ಜೀವಂತ ಮರದ ಬೇರಿನೊಡನೆ ಕೂಡಿಕೊಂಡು ಮರಕ್ಕೆ ನೀರು, ಲವಣ ಒದಗಿಸಿ ತಾನು ಸಕ್ಕರೆ ಪಡೆಯುತ್ತದೆ. ಇನ್ನು ಕೆಲವು ಕೊಳೆತ ಮರ, ಎಲೆಗಳನ್ನೇ ತಿಂದು ಬದುಕುತ್ತವೆ.

ಇಷ್ಟೆಲ್ಲ ಕಣ್ಣಿಗೆ ಕಂಡರೂ ಇದು ರಮೇರಿಯಾ ಎಂದು ಹೇಳಲು ಸಾಲದು. ಜಾತಿ ತಿಳಿಯಲು ಬೀಜಕಣದ ಬಣ್ಣ ನೋಡಬೇಕು. ಮನೆಯಲ್ಲೇ ಮಾಡಬಹುದಾದ ಒಂದು ಉಪಾಯವಿದೆ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಅಣಬೆಯ ಒಂದೆರಡು ಕೊಂಬೆಯನ್ನು ಅಡ್ಡ ಮಲಗಿಸಿ, ಮೇಲೆ ಬಟ್ಟಲು ಬೋರಲು ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕೊಂಬೆ ತೆಗೆದರೆ ಅದರಡಿ ಸಣ್ಣ ಧೂಳು ಬಿದ್ದಿರುತ್ತದೆ. ಕಾವಿಮಣ್ಣಿನಂಥ ಹಳದಿ, ಕಂದು ಮಿಶ್ರ ಹಳದಿ ಧೂಳಾದರೆ ರಮೇರಿಯಾ ಆಗಿರುವ ಸಂಭವ ಹೆಚ್ಚು. ಕಪ್ಪು ಕಾಗದದ ಮೇಲೆ ಬಿಳಿ ಧೂಳು ಕಂಡರೆ ಅದು ಕ್ಲವೇರಿಯಾ, ಕ್ಲವುಲೈನಾ ಮೊದಲಾದ ಬೇರೆ ಜಾತಿ. ಕ್ಲವುಲೈನಾದ ಕೊಂಬೆಯ ತುದಿ ಹುಂಜದ ಜುಟ್ಟಿನಂತೆ ಹರಿದಿರುತ್ತದೆ. ಕೊಳೆತ ಮರದ ಮೇಲೆ ಬೆಳೆದು, ತುದಿಯಲ್ಲಿ ಪುಟ್ಟ ಕಿರೀಟವಿಟ್ಟಂತೆ ಕಾಣುವುದು ಆರ್ಟೊಮೈಸಿಸ್. ಇದರ ಬೀಜಕಣವೂ ಬಿಳಿ. ಕಪ್ಪು ಬೆರಳಿನಂತೆ ಗಟ್ಟಿಯಾಗಿ ಎದ್ದಿರುವ ಕ್ಸೈಲೇರಿಯಾ ಅಂತೂ ಈ ಯಾವ ಗುಂಪಿಗೂ ಸೇರಿದ್ದಲ್ಲ.

ಮತ್ತೊಂದು ಪರೀಕ್ಷೆಗೆ ಬೇಕಾದ ವಸ್ತು ನಿಮ್ಮ ಗೊಬ್ಬರದಂಗಡಿಯಲ್ಲೇ ಸಿಗುತ್ತದೆ. ಕಬ್ಬಿಣದ ಕೊರತೆಯಿಂದ ಪೈರಿನ ಎಲೆ ಬಿಳಿಚಿಕೊಂಡಾಗ ಸಿಂಪಡಿಸುವ ಅನ್ನಭೇದಿಯನ್ನು 10 ಗ್ರಾಂ ತೆಗೆದುಕೊಂಡು 100 ಮಿ.ಲೀ. ನೀರಿನಲ್ಲಿ ಆಗಿಂದಾಗ್ಗೆ ಕರಗಿಸಿ ಕೊಂಬೆಯ ಮೇಲೆ ಒಂದು ಹನಿ ಬಿಟ್ಟರೆ, ರಮೇರಿಯಾದ ಬಹುಪಾಲು ಪ್ರಭೇದಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಆದರೆ ಈ ಹಸಿರು ಹನಿ ಜಾತಿಯನ್ನು ಸೂಚಿಸುತ್ತದೆಯೇ ಹೊರತು ತಿನ್ನಬಹುದೋ ಬಾರದೋ ಎಂಬುದನ್ನು ಹೇಳುವುದಿಲ್ಲ. ದಯವಿಟ್ಟು ಈ ವಾಕ್ಯವನ್ನು ವಾಚನಾಲಯದಲ್ಲಿ ಓದಿ ಹೇಳುವವರು ಎರಡು ಸಲ ಓದಿ.

ಮುಂದಿನ ಹಂತ ಸೂಕ್ಷ್ಮದರ್ಶಕದ್ದು. ಕ್ಲವೇರಿಯಾದ ಬೀಜಕಣ ಸಾಮಾನ್ಯವಾಗಿ ನುಣುಪು, ರಮೇರಿಯಾದ್ದು ಒರಟು. ಈ ಒರಟುತನ, ಬಣ್ಣ ಮತ್ತು ಬೆಳೆಯುವ ಜಾಗವನ್ನು ಆಧರಿಸಿ ಜಾತಿಯನ್ನು ನಾಲ್ಕು ಉಪಜಾತಿಗಳಾಗಿ ಮಾಡಿದ್ದಾರೆ. ಬೀಜಕಣದ ಮೇಲೆ ಉದ್ದುದ್ದ ಗೆರೆಯಿರುವುದು ರಮೇರಿಯಾ ಉಪಜಾತಿ, ಬೋಟ್ರೈಟಿಸ್ ಇದರಲ್ಲಿದೆ. ಗಾಢ ಬಣ್ಣದ, ನೆಲದ ಮೇಲೆ ಬೆಳೆಯುವ ದೊಡ್ಡ ಪ್ರಭೇದಗಳು ಲೇಟಿಕಲೋರ. ಮರದ ಚೂರು, ತರಗಿನ ಮೇಲೆ ಬೆಳೆದು ನಾರಿನಂತೆ ಬಿಗಿಯಾಗಿರುವುವು ಲೆಂಟೊರಮೇರಿಯಾ. ಬೀಜಕಣದಲ್ಲಿ ಮುಳ್ಳಿರುವುವು ಎಕೈನೊರಮೇರಿಯಾ. ರೈತರು ಈ ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ತಜ್ಞರಿಗೂ ಇಷ್ಟು ನೋಡದೆ ಹೆಸರು ಹೇಳಲಾಗದೆಂಬುದು ತಿಳಿದಿದ್ದರೆ ಸಾಕು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಿಂದ ಬೀಜಕಣ ಕಾಣುವುದಿಲ್ಲ.

ಅಡುಗೆಮನೆಯ ಪ್ರಶ್ನೆ ಇಲ್ಲಿ ಬರುತ್ತದೆ. ಬೋಟ್ರೈಟಿಸ್ ಪ್ರಭೇದವನ್ನು ಹಲವು ದೇಶಗಳಲ್ಲಿ ತಿನ್ನುತ್ತಾರೆ. ನಮ್ಮ ಹಿಮಾಲಯದ ಕಡೆಯೂ ರಮೇರಿಯಾ ತಿನ್ನುವ ರೂಢಿಯಿದೆ. ಆದರೆ ಇದೇ ಜಾತಿಯ ರಮೇರಿಯಾ ಫಾರ್ಮೋಸಾ ತಿಂದರೆ ಹೊಟ್ಟೆ ನುಲಿತ, ವಾಂತಿ, ಭೇದಿ. ಫಾರ್ಮೋಸಾ ಎಂದರೆ ಚೆಲುವೆ! ಎಳೆಯದಾಗಿದ್ದಾಗ ಇದರ ಕೊಂಬೆ ನಸುಗೆಂಪು, ತುದಿ ಹಳದಿ, ಗುರುತಿಸಬಹುದು. ಬಲಿತ ಮೇಲೆ, ಇಲ್ಲವೆ ಎರಡು ಜೋರು ಮಳೆ ಹೊಡೆದ ಮೇಲೆ ತುದಿಯ ಹಳದಿ ಹೋಗಿ, ಮೈಯೆಲ್ಲ ಮಾಸಲು ಕಂದಾಗಿ, ತಿನ್ನುವ ಪ್ರಭೇದಕ್ಕೂ ಇದಕ್ಕೂ ವ್ಯತ್ಯಾಸವೇ ತಿಳಿಯದಂತಾಗುತ್ತದೆ.

ಬೆಳ್ಳಿಯ ಕಾಸು ಹಾಕಿ ಬೇಯಿಸಿದರೆ ವಿಷದ ಅಣಬೆಯಾದಲ್ಲಿ ಕಾಸು ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ, ಹುಳು ತಿಂದ ಅಣಬೆ ಮನುಷ್ಯನಿಗೂ ಒಳ್ಳೆಯದು ಎಂಬ ಮಾತುಗಳನ್ನು ಹಳ್ಳಿಗಳಲ್ಲಿ ಇಂದಿಗೂ ಕೇಳುತ್ತೇವೆ. ಇವು ಮೂರೂ ಸುಳ್ಳು. ಕೊಡೆಯಣಬೆಗಳಲ್ಲಿ ಅಮನೈಟಾ ಜಾತಿಯ ಕೆಲವು ಪ್ರಭೇದಗಳ ವಿಷ ಎಷ್ಟು ಬೇಯಿಸಿದರೂ ಸಾಯುವುದಿಲ್ಲ. ಅದನ್ನು ತಿಂದವರಿಗೆ ಸುಮಾರು ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ ಹಿಡಿದು, ಮರುದಿನ ಕಡಿಮೆಯಾದಂತೆ ತೋರಿ, ಮೂರನೆಯ ದಿನದ ಹೊತ್ತಿಗೆ ಪಿತ್ತಜನಕಾಂಗ ಕೆಟ್ಟು ಪ್ರಾಣಕ್ಕೇ ಬರುತ್ತದೆ. ಆದುದರಿಂದ ಅಣಬೆ ತಿಂದ ಮೇಲೆ ಯಾರಿಗಾದರೂ ವಾಂತಿಯಾದರೆ, ಒಮ್ಮೆ ನಿಂತಿತೆಂದು ಸುಮ್ಮನಿರದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ಅಣಬೆ, ಇಲ್ಲವಾದರೆ ಅದರ ಸಾರನ್ನಾದರೂ ಜೊತೆಗೆ ಒಯ್ಯಬೇಕು. ಅಣಬೆ ತಿನ್ನುವ ಆಸೆಯಿರುವವರಿಗೆ ಬೇಸಾಯ ಮಾಡಿದ ಚಿಪ್ಪಣಬೆ ಇದೆ. ರಾಗಿ ಹುಲ್ಲಿನಲ್ಲಿ ಮನೆಯಲ್ಲೇ ಬೆಳೆಯಬಹುದು. ಆ ವಿಚಾರ ಇನ್ನೊಂದು ಲೇಖನಕ್ಕೆ ಸಾಕಾಗುವಷ್ಟಿದೆ.

ರಮೇರಿಯಾದಿಂದ ರಾಸುಗಳಿಗೆ ಆಗುವ ತೊಂದರೆಯ ಕಥೆ ಇನ್ನೂ ವಿಚಿತ್ರ. ಇದು ದೂರದ ಬ್ರೆಜಿಲ್ ದೇಶದ ದಕ್ಷಿಣ ಭಾಗ ಮತ್ತು ಉರುಗ್ವೆಯದು. ಅಲ್ಲಿ ನೀಲಗಿರಿ ತೋಪುಗಳಲ್ಲಿ ಮೇಯುವ ದನ, ಕುರಿಗಳಿಗೆ ಮಳೆ ಹಿಡಿದ ಶರತ್ಕಾಲದಲ್ಲಿ ಒಂದು ಕಾಯಿಲೆ ಬರುತ್ತಿತ್ತು. ಜೊಲ್ಲು ಸುರಿಯುವುದು, ಮೇವು ಬಿಡುವುದು, ನಾಲಗೆಯ ಒರಟು ಹೋಗಿ ನುಣ್ಣಗಾಗುವುದು, ಬಾಲದ ತುದಿಯ ಕೂದಲು ಹಿಡಿದರೆ ಕೈಗೇ ಬರುವುದು, ಕುರಿಯ ಉಣ್ಣೆ ಉದುರುವುದು, ಕೊಂಬಿನ ಚಿಪ್ಪು ಸಡಿಲವಾಗುವುದು, ಕೊನೆಗೆ ಗೊರಸೇ ಕಳಚುವುದು. ನೀಲಗಿರಿ ತೋಪಿನಲ್ಲಿ ಬರುವ ಕಾಯಿಲೆಯಾದುದರಿಂದ ಜನ ಅದನ್ನು ನೀಲಗಿರಿಯ ಕೇಡು ಎಂದೇ ಕರೆದರು. ಕಾರಣ ಮರವಾಗಿರಲಿಲ್ಲ. ಆ ಮರಗಳ ಬೇರಿನೊಡನೆ ಕೂಡಿ ಬೆಳೆಯುವ ರಮೇರಿಯಾ ಫ್ಲೇವೊಬ್ರುನೆಸೆನ್ಸ್ ಎಂಬ ಹಳದಿ ಹವಳದ ಅಣಬೆಯನ್ನು ರಾಸುಗಳು ಇಷ್ಟಪಟ್ಟು ತಿನ್ನುತ್ತಿದ್ದವು. ಕೂದಲು, ಕೊಂಬು, ಗೊರಸು ಮೂರೂ ಕೆರಾಟಿನ್ ಎಂಬ ಒಂದೇ ಬಗೆಯ ಸಸಾರಜನಕದಿಂದ ಆದುವು. ಅದಕ್ಕೆ ಗಟ್ಟಿತನ ಕೊಡುವುದು ಗಂಧಕ. ಆ ಗಂಧಕದ ಬೆಸುಗೆಯನ್ನು ಈ ಅಣಬೆಯ ವಿಷ ಕೆಡಿಸುತ್ತದೆಂಬುದು ವಿಜ್ಞಾನಿಗಳ ಅಭಿಪ್ರಾಯ. ಇದಕ್ಕೆ ನೇರವಾದ ಔಷಧಿಯಿಲ್ಲ. ರಾಸನ್ನು ಆ ತೋಪಿನಿಂದ ಹೊರಗೆ ಕಟ್ಟುವುದೇ ಉಪಾಯ.

ಜೊಲ್ಲು, ಗೊರಸು ಎಂದ ಕೂಡಲೆ ನಮ್ಮವರಿಗೆ ಕಾಲುಬಾಯಿ ಜ್ವರ ನೆನಪಾಗುತ್ತದೆ. ಆಗಲೇಬೇಕು. 2013ರಲ್ಲಿ ಆ ರೋಗ ನಮ್ಮ ರಾಜ್ಯದಲ್ಲಿ ಎಷ್ಟು ಕೊಟ್ಟಿಗೆಗಳನ್ನು ಬರಿದು ಮಾಡಿತೆಂಬುದನ್ನು ಯಾರೂ ಮರೆತಿಲ್ಲ. ಹೀಗಾಗಿ ರಾಸಿನ ಬಾಯಲ್ಲಿ ಜೊಲ್ಲು ಸುರಿದು ಕಾಲು ಕುಂಟಿದರೆ ಮೊದಲು ಪಶುವೈದ್ಯರನ್ನು ಕರೆಯಿರಿ, ಆ ರಾಸನ್ನು ಉಳಿದವುಗಳಿಂದ ಬೇರೆ ಕಟ್ಟಿರಿ, ಲಸಿಕೆಯನ್ನು ತಪ್ಪಿಸಬೇಡಿ. ಅದರ ಜೊತೆಗೆ ಹಿಂದಿನ ಹತ್ತು ದಿನ ಎಲ್ಲಿ ಮೇಯಿಸಿದಿರೆಂಬುದನ್ನೂ ವೈದ್ಯರಿಗೆ ಹೇಳಿ. ನಮ್ಮಲ್ಲಿಯೂ ನೀಲಗಿರಿ ತೋಪುಗಳಿವೆ, ಮಳೆಗಾಲದಲ್ಲಿ ಅದರೊಳಗೆ ದನ ಹೊಡೆಯುವುದೂ ಇದೆ. ತೋಪಿನ ನೆಲದಲ್ಲಿ ಹಳದಿ ಕೊಂಬೆ ಅಣಬೆ ಎದ್ದಿದ್ದರೆ ಅದು ಒಣಗಿಹೋಗುವವರೆಗೆ ಆ ಜಾಗಕ್ಕೆ ರಾಸು ಬಿಡದಿದ್ದರೆ ನಷ್ಟವೇನೂ ಇಲ್ಲ.

ತೆಂಗಿನ ತೋಟದವರ ಪ್ರಶ್ನೆ ಬೇರೆ. ಅಣಬೆ ಎಂದ ಕೂಡಲೆ ಅರಸೀಕೆರೆ, ತಿಪಟೂರು ಸೀಮೆಯಲ್ಲಿ ಎದೆ ನಡುಗುವುದು ಅಣಬೆ ರೋಗದ ನೆನಪಿನಿಂದ. ಆ ರೋಗ ತರುವುದು ಗ್ಯಾನೊಡರ್ಮ ಎಂಬ ಬೇರೆಯೇ ಶಿಲೀಂಧ್ರ. ಅದರ ಅಣಬೆ ಕಾಂಡದ ಬುಡಕ್ಕೆ ತಟ್ಟೆಯಂತೆ, ಅರ್ಧ ಚಂದ್ರನಂತೆ ಅಂಟಿಕೊಂಡು ಬರುತ್ತದೆ. ಮರದಂತೆ ಗಟ್ಟಿ, ಮೇಲೆ ಮೆರುಗೆಣ್ಣೆ ಬಳಿದ ಹಾಗೆ ಹೊಳಪು, ಅಡಿಯಲ್ಲಿ ಜರಡಿಯಂತೆ ಸಣ್ಣ ತೂತುಗಳು. ಹವಳದ ಅಣಬೆ ಮೆತ್ತಗೆ, ಮುಟ್ಟಿದರೆ ಮುರಿಯುವಂಥದು. ಬುಡದಲ್ಲಿ ಹಾಕಿದ ಗರಿ, ಸಿಪ್ಪೆ, ತರಗಿನ ಮೇಲೆ ಇಂಥ ಕೊಂಬೆ ಅಣಬೆ ಎದ್ದರೆ ಅದು ಕೊಳೆತದ್ದನ್ನು ಗೊಬ್ಬರ ಮಾಡುತ್ತಿದೆ, ಮರವನ್ನು ತಿನ್ನುತ್ತಿಲ್ಲ. ಅದಕ್ಕೆಂದು ಔಷಧಿ ಸುರಿಯುವುದು ದುಡ್ಡನ್ನು ಮಣ್ಣಿಗೆ ಹಾಕಿದಂತೆ.

ಇದರ ಉಲ್ಟಾ ತಪ್ಪು ಇನ್ನೂ ದುಬಾರಿ. ಗ್ಯಾನೊಡರ್ಮದ ತಟ್ಟೆಯನ್ನು ಕಿತ್ತೆಸೆದು ರೋಗ ಹೋಯಿತೆಂದು ನೆಮ್ಮದಿಯಾಗಿರುವವರನ್ನು ನಾನು ಅನೇಕ ತೋಟಗಳಲ್ಲಿ ಕಂಡಿದ್ದೇನೆ. ತಟ್ಟೆ ಕಾಣುವ ಹೊತ್ತಿಗೆ ಮರದ ಬೇರು ಬಹುಮಟ್ಟಿಗೆ ಕೊಳೆತಿರುತ್ತದೆ. ಕೆಳಗರಿಗಳು ಬಾಡಿ ಜೋತುಬೀಳುವುದು, ಕಾಂಡದ ಬುಡದಲ್ಲಿ ಕೆಂಗಂದು ರಸ ಸೋರುವುದು, ಕಾಯಿ ಇಳಿಯುವುದು ಇವೇ ಮೊದಲ ಸೂಚನೆ. ಆಗಲೇ ರೋಗದ ಮರದ ಸುತ್ತ ಬುಡದಿಂದ ನಾಲ್ಕು ಅಡಿ ದೂರದಲ್ಲಿ ಎರಡು ಅಡಿ ಆಳ, ಒಂದು ಅಡಿ ಅಗಲದ ಕಾಲುವೆ ತೆಗೆದು ಅದನ್ನು ಪ್ರತ್ಯೇಕಿಸಿ. ಆ ಮರದಿಂದ ನೀರು ಪಕ್ಕದ ಮರಕ್ಕೆ ಹರಿಯದಂತೆ ನೋಡಿಕೊಳ್ಳಿ. ಸುತ್ತಲಿನ ಮರಗಳಿಗೂ ವರ್ಷಕ್ಕೆ ಐದು ಕಿಲೋ ಬೇವಿನ ಹಿಂಡಿಯನ್ನು ಟ್ರೈಕೊಡರ್ಮ ಬೆರೆಸಿ ಕೊಡಿ. ಸತ್ತ ಮರವನ್ನು ಬೇರು ಬೊಡ್ಡೆ ಸಹಿತ ಅಗೆದು ಸುಡಬೇಕು. ಬೇರಿನ ಮೂಲಕ ಔಷಧಿ ಉಣಿಸುವ ಕ್ರಮವೂ ಇದೆ. ಅದರ ಪ್ರಮಾಣವನ್ನೂ ಕಾಯಿ ಕೀಳುವ ಮುಂಚೆ ಎಷ್ಟು ದಿನ ಕಾಯಬೇಕೆಂಬುದನ್ನೂ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಕೇಳಿ ತಿಳಿದುಕೊಂಡೇ ಮಾಡಿ.

ಹೊಸ ಬಗೆಯ ಅಣಬೆ ಕಂಡು ಅದರ ಜಾತಿ ತಿಳಿಯಬೇಕೆನಿಸಿದರೆ ತರುವ ಕ್ರಮ ಹೀಗೆ. ತುದಿ ಮುರಿದು ತರಬೇಡಿ. ಕುಡುಗೋಲಿನಿಂದ ಸುತ್ತ ಮಣ್ಣು ಬಿಡಿಸಿ ಬುಡದ ಸಹಿತ ಎತ್ತಿ. ಅದು ಅಂಟಿಕೊಂಡ ತರಗು, ಕಡ್ಡಿ ಅದರೊಡನೆಯೇ ಇರಲಿ. ಎಳೆಯದೊಂದು, ಬಲಿತದ್ದೊಂದು ಎರಡೂ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಸಂಜೆಗೆ ಲೋಳೆಯಾಗುತ್ತದೆಯಾದ್ದರಿಂದ ಹಳೆಯ ಪತ್ರಿಕೆಯಲ್ಲಿ ಸಡಿಲವಾಗಿ ಸುತ್ತಿ ಬುಟ್ಟಿಯಲ್ಲಿಡಿ. ಯಾವ ಮರದ ಕೆಳಗೆ ಸಿಕ್ಕಿತು, ನೆಲದ ಮೇಲೋ ಮರದ ಮೇಲೋ, ಕಿತ್ತ ದಿನ ಯಾವುದು ಎಂಬುದನ್ನು ಚೀಟಿಯಲ್ಲಿ ಬರೆದು ಒಳಗಿಡಿ. ಬೀಜಕಣದ ಧೂಳು ಬಿದ್ದ ಕಾಗದವಿದ್ದರೆ ಮಡಿಸಿ ಅದನ್ನೂ ತನ್ನಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ಹಾಸನದ ಬಳಿ ಕಾರೇಕೆರೆಯ ಕೃಷಿ ಕಾಲೇಜಿಗೋ ಅದೇ ದಿನ ತಲುಪಿಸಿದರೆ ನೋಡಲು ಅನುಕೂಲ. ಹೆಸರು ಗೊತ್ತಾಗುವವರೆಗೆ ಆ ಬುಟ್ಟಿಯನ್ನು ಅಡುಗೆಮನೆಯಲ್ಲಿ ಇಡಬೇಡಿ. ಮನೆಯವರು ಸೊಪ್ಪಿನ ಜೊತೆ ಬೇಯಿಸಿಬಿಟ್ಟಾರು.